ಅಂದದ್ದನ್ನು ಅಂದ ಹಾಗೆ ಹೇಳಿದೆ

ಮೂರು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಕೆಳಗಿನದು ಕಟ್ಟಡದ್ದು, ನಡುವಿನದು ಪಂಪಿನದು, ಮೇಲಿನದು ವಿದ್ಯುತ್ತಿನದು. ಬೆಳಕಿಗೆ ಹಿಡಿದಾಗ ಮೂರರ ಗೆರೆಗಳೂ ಒಟ್ಟಿಗೆ ಕಾಣುತ್ತವೆ. ನೀರಿನ ಕೊಳವೆ ತೊಲೆಯೊಳಗೆ ಹೊಕ್ಕಂತೆ ಕಂಡರೆ, ಕೇಬಲ್ಲಿನ ದಾರಿ ಬಾಗಿಲಿಗೆ ಅಡ್ಡ ಬಂದಿದ್ದರೆ, ಅಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಹಾಕುತ್ತಿದ್ದೆ. ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ಮಾಡುವವರು ಕಚೇರಿಯಲ್ಲಿ ಇದ್ದರು. ಆದರೆ ಕಾಂಕ್ರೀಟು ಬಿದ್ದ ಮೇಲೆ ಸೈಟಿನಲ್ಲಿ ನಿಜವಾಗಿ ಏನಾಗಿದೆ ಎಂಬುದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಅದನ್ನು ಹೋಗಿ ನೋಡಿ, ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ನನ್ನನ್ನು ಇಟ್ಟುಕೊಂಡಿದ್ದರು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನೀರಿನ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದ ಮೇಲೆ ಮನೆಯಲ್ಲಿ ಕುಳಿತವನನ್ನು ಕರೆದು ಈ ಕೆಲಸ ಕೊಟ್ಟದ್ದಕ್ಕೆ ಕಾರಣ ನನ್ನ ಜಾಣತನವಲ್ಲ, ನನ್ನ ನಾಲಿಗೆ. ಚಿಕ್ಕೋಡಿಯವನಾದ ನನಗೆ ಕನ್ನಡವೂ ಮರಾಠಿಯೂ ಸಮ. ಹೆಂಡತಿಯ ತವರು ಕಾಗವಾಡ. ನಮ್ಮ ಮನೆಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಈಗ ಬರೆಯುತ್ತಿರುವುದು ಆ ಹೆಮ್ಮೆ ಮಾಡಿದ ಕೆಲಸದ ಬಗ್ಗೆ.

ಅಂಕಲಿಯ ಹತ್ತಿರ ಕೃಷ್ಣೆಯ ದಂಡೆಯಿಂದ ನೀರೆತ್ತಿ ರಾಯಬಾಗದ ಕಡೆಯ ಹಳ್ಳಿಗಳಿಗೆ ಕುಡಿಯಲು ಒಯ್ಯುವ ಯೋಜನೆ ಅದು. ದಂಡೆಯಲ್ಲಿ ಒಂದು ದೊಡ್ಡ ದುಂಡು ಕಾಂಕ್ರೀಟು ಬಾವಿ, ಅದರ ತಲೆಯ ಮೇಲೆ ಪಂಪ್‌ಹೌಸು. ಪಂಪುಗಳು ಮೇಲಿನ ನೆಲದ ಮೇಲೆ ನಿಲ್ಲುತ್ತವೆ, ಅವುಗಳ ಉದ್ದನೆಯ ಕಾಲು ಬಾವಿಯ ತಳದವರೆಗೆ ಇಳಿಯುತ್ತದೆ.

ಕಟ್ಟಡದ ವಿನ್ಯಾಸ ನೋಡುತ್ತಿದ್ದವರು ತುಮಕೂರು ಕಡೆಯ ಒಬ್ಬ ಹೆಣ್ಣುಮಗಳು. ಮೂವತ್ತು ದಾಟಿದ ವಯಸ್ಸು. ಸ್ವಂತ ಸಹಿ ಹಾಕಿ ನಕ್ಷೆ ಹೊರಡಿಸಿದ ಮೊದಲ ದೊಡ್ಡ ಕೆಲಸ ಅವರಿಗೆ ಇದೇ. ಚಿಕ್ಕೋಡಿಯಲ್ಲಿ ನಮ್ಮ ಓಣಿಯಲ್ಲೇ ಮಾಳಿಗೆಯ ಮೇಲೊಂದು ಕೋಣೆ ಹಿಡಿದಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದೆವು. ಮೊದಲ ದಿನವೇ ಕೇಳಿದರು.

“ಅಂಕಲ್, ಈ ಊರಲ್ಲಿ ಇಡ್ಲಿ ಎಲ್ಲಿ ಸಿಗುತ್ತೆ?”

“ಅಂಕಲ್ ಅನಬ್ಯಾಡ್ರಿ, ಮತ್ಯಾರನ್ನೋ ಕರದಂಗ ಆಕ್ಕೈತಿ. ಕಾಕಾ ಅನ್ರಿ. ಇಡ್ಲಿ ಸಿಗತೈತಿ, ಆದ್ರ ತಿಂದ ಮ್ಯಾಲ ನಿಮ್ಮೂರು ನೆನಪಾಗಿ ಅಳತೀರಿ.”

ಅಂದಿನಿಂದ ನಾನು ಕಾಕಾ, ನನ್ನ ಹೆಂಡತಿ ಕಾಕಿ. ಹೆಂಡತಿ ವಾರಕ್ಕೆ ಮೂರು ನಾಲ್ಕು ಸಲ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಡಬ್ಬಿಗೆ ಹಾಕಿ ಕಳಿಸುತ್ತಿದ್ದಳು. ಮೇಡಂ ಆ ಡಬ್ಬಿಯನ್ನು ಬರಿದಾಗಿ ಎಂದೂ ಹಿಂದಿರುಗಿಸಲಿಲ್ಲ. ಏನೂ ಇಲ್ಲದ ದಿನ ಎರಡು ಬಾಳೆಹಣ್ಣು, ಅದೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ.

ವಿದ್ಯುತ್ತಿನ ಕೆಲಸ ಮಿರಜ ಕಡೆಯ ಒಬ್ಬ ಇಂಜಿನಿಯರರದು. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಕನ್ನಡ ಅವರಿಗೆ ಅಷ್ಟಕ್ಕಷ್ಟೆ, ಮೇಡಂಗೆ ಮರಾಠಿ ಸುತರಾಂ ಬಾರದು. ಒಮ್ಮೆ ಮೇಡಂ, “ಕಾಕಾ, ಅವರ ಹತ್ರ ನಾನೇ ಹಿಂದೀಲಿ ಮಾತಾಡ್ಲಾ? ನಿಮಗ್ಯಾಕೆ ಸುಮ್ನೆ ಓಡಾಟ?” ಎಂದು ಕೇಳಿದ್ದುಂಟು.

“ನಾ ಇರೂದು ಯಾಕ್ರಿ ಮತ್ತ? ಹಿಂದಿ ಅಂದ್ರ ಇಬ್ಬರದೂ ಅಲ್ಲದ ಮಾತು. ನಾ ಅವ್ರ ಮಾತನ್ಯಾಗ ಕೇಳಿ ನಿಮ್ಮ ಮಾತನ್ಯಾಗ ಹೇಳತೀನಿ, ಹಾಲಿನಂಗ.”

ಹಾಲಿನಂಗ ಎಂದು ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಂದು ಅವರಿಬ್ಬರನ್ನು ಹಿಂದಿಯಲ್ಲಿ ಮಾತಾಡಿಕೊಳ್ಳಲು ಬಿಟ್ಟಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಪಂಪಿನ ಕಂಪನಿ ಪಂಪಿನ ಮಾದರಿ ಬದಲಿಸಿತು. ಹೊಸ ಪಂಪಿನ ಬುಡದ ತಟ್ಟೆ ಹಳೆಯದಕ್ಕಿಂತ ಅಗಲ. ಹಿಡಿದು ನಿಲ್ಲಿಸುವ ಬೋಲ್ಟುಗಳು ನಾವು ಮೊದಲೇ ಬಿಟ್ಟಿದ್ದ ತೂತುಗಳಿಂದ ಆಚೆ ಬಿದ್ದವು. ನೆಲದ ಕಾಂಕ್ರೀಟು ಆಗಲೇ ಗಟ್ಟಿಯಾಗಿತ್ತು. ಹೊಸ ತೂತು ಕೊರೆಯಬೇಕು. ಪ್ರತಿ ಮಂಗಳವಾರ ಸೈಟಿನ ತಗಡಿನ ಶೆಡ್ಡಿನಲ್ಲಿ ಎಲ್ಲ ವಿಭಾಗದವರ ಸಭೆ ಇರುತ್ತಿತ್ತು. ಎರಡು ಸಭೆಗಳು ಇದರಲ್ಲೇ ಹೋದವು. ಪಂಪಿನವರು ಬೋಲ್ಟಿನ ಜಾಗ ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ ಎಂದರು. ಮೇಡಂ, ನೆಲದೊಳಗಿನ ಕಬ್ಬಿಣದ ರಾಡು ಕತ್ತರಿಸಲು ಬಿಡುವುದಿಲ್ಲ ಎಂದರು. ಅಷ್ಟರಲ್ಲಿ ಮೂರನೆಯದೊಂದು ಎದ್ದಿತು. ಅದೇ ನೆಲದೊಳಗೆ ಕೇಬಲ್ಲು ಹಾಯಿಸಲು ವಿದ್ಯುತ್ತಿನವರು ಹುಗಿದ ಪ್ಲಾಸ್ಟಿಕ್ಕು ಪೈಪುಗಳಿವೆ. ನಕ್ಷೆಯಲ್ಲಿ ಅವು ಒಂದು ಕಡೆ ಇದ್ದವು. ಕಾಂಕ್ರೀಟು ಹಾಕಿದ ದಿನ ರಾಡು ಅಡ್ಡ ಬಂದು ಅವನ್ನು ಸರಿಸಿದ್ದರು. ಎಲ್ಲಿಗೆ ಎಂಬುದು ನಕ್ಷೆಗೆ ಏರಿರಲಿಲ್ಲ.

ಮೇಡಂ ಎರಡು ದಾರಿ ಗುರುತಿಸಿದ್ದರು. ಪೈಪುಗಳು ಆ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಕೇಬಲ್ಲಿಲ್ಲದ ಬರಿಯ ಪೈಪುಗಳಾಗಿದ್ದರೆ, ರಾಡುಗಳ ನಡುವೆ ನೆಲವನ್ನು ಮೇಲಿನಿಂದ ಅಡಿಯವರೆಗೆ ಪೂರ್ತಿ ಕೊರೆದು ಕೆಳಗಿನಿಂದ ನಟ್ಟು ಬಿಗಿಯುವುದು. ಅದು ಗಟ್ಟಿ, ಬೇಗವೂ ಆಗುತ್ತದೆ. ಕೇಬಲ್ಲಿರುವ ಪೈಪುಗಳು ಇದ್ದರೆ ಅರ್ಧ ದಪ್ಪ ಮಾತ್ರ ಕೊರೆದು, ಬೋಲ್ಟನ್ನು ರಾಸಾಯನಿಕ ಅಂಟಿನಿಂದ ಕೂಡಿಸುವುದು. ಅದಕ್ಕೆ ಲೆಕ್ಕ ಮತ್ತೆ ಮಾಡಬೇಕು, ಒಪ್ಪಿಗೆ ಮತ್ತೆ ಬರಬೇಕು. ಆದ್ದರಿಂದ ನನಗೆ ಹೇಳಿದರು, “ಕಾಕಾ, ಆ ಜಾಗದಲ್ಲಿ ಅವರ ಪೈಪ್ ಹೇಗಿದೆ ಅಂತ ಒಂದು ಮಾತು ಕೇಳ್ಕೊಂಡು ಬನ್ನಿ.”

ಹೀಗೆ ಕೇಳಿದ್ದನ್ನು ಒಂದು ಹಾಳೆಯ ಮೇಲೆ ಬರೆದು, ಅಳತೆ ಹಾಕಿ, ಇಬ್ಬರ ಸಹಿ ಪಡೆಯಬೇಕೆಂಬುದು ನಿಯಮ. ಆ ಹಾಳೆ ತುಂಬಿಸುವವನು ನಾನೇ.

ನಾವು ಜೈನರು, ಹೊತ್ತು ಮುಳುಗುವ ಮುಂಚೆ ಉಣ್ಣುವವರು. ಅಂದು ಮೋಡ ಮುಚ್ಚಿತ್ತು, ಹೊತ್ತು ಎಷ್ಟಾಯಿತೆಂದು ತಿಳಿಯದೆ ತಡವಾಗಿತ್ತು. ಇಂಜಿನಿಯರರು ಹೆಲ್ಮೆಟ್ಟು ಹಾಕಿ ಬೈಕಿನ ಮೇಲೆ ಕುಳಿತಾಗಿತ್ತು. ಓಡಿ ಹೋಗಿ ಮರಾಠಿಯಲ್ಲಿ ಕೇಳಿದೆ, ಆ ಬೋಲ್ಟಿನ ಜಾಗದಲ್ಲಿ ನಿಮ್ಮ ಪೈಪು ಹೇಗಿವೆ ಎಂದು.

“ಖಾಲೀ ಆಹೇತ, ಕಾಕಾ. ಸಗಳೇ ಖಾಲೀ,” ಎಂದು ಬೈಕು ಎಬ್ಬಿಸಿದರು.

ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಪೈಪುಗಳೆಲ್ಲ ಕೆಳಗಿವೆ, ಕಾಂಕ್ರೀಟಿನ ಅಡಿಪದರದಲ್ಲಿ ಇವೆ, ಮೇಲಿನ ಅರ್ಧದಲ್ಲಿ ಕೊರೆದರೆ ಅಡ್ಡಿಯಿಲ್ಲ, ಪೂರ್ತಿ ಕೊರೆಯಬೇಡಿ. ಅವರು ಹೇಳಿದ್ದು ಇಷ್ಟು. ನನಗೆ ಅರ್ಥವಾದದ್ದೂ ಇಷ್ಟೇ. ಮೆಟ್ಟಿಲು ಹತ್ತಿ ಮೇಲೆ ಮೇಡಂ ಇದ್ದಲ್ಲಿಗೆ ಹೋದೆ.

“ಏನಂದ್ರು ಕಾಕಾ?”

“ಪೈಪ್ ಅದಾವ್ರಿ ಅಲ್ಲಿ. ಆದ್ರ ಎಲ್ಲಾ ಖಾಲಿ ಅದಾವಂತ.”

“ಖಾಲೀನಾ? ಹಾಗಾದ್ರೆ ಯೋಚನೆ ಇಲ್ಲ ಬಿಡಿ.”

“ಏನೂ ಯೋಚನಿ ಇಲ್ರಿ,” ಎಂದೆ ನಾನೂ.

ಅವರು ತಿಳಿದದ್ದು ಪೈಪುಗಳೊಳಗೆ ಏನೂ ಇಲ್ಲ ಎಂದು. ನಾನು ಹೇಳಿದ್ದು ಪೈಪುಗಳು ಕೆಳಗಿವೆ ಎಂದು. ಇಬ್ಬರಿಗೂ ಸಮಾಧಾನವಾಗಿತ್ತು. ನನ್ನ ಬಾಯಿಂದ ಹೊರಟ ಆ ಮಾತು ಮರಾಠಿಯದು, ಅವರ ಕಿವಿಗೆ ಬಿದ್ದದ್ದು ಕನ್ನಡದ್ದು. ಎರಡೂ ಭಾಷೆ ಒಂದೇ ಆಗಿಹೋದ ಮನೆಯಲ್ಲಿ ನಲವತ್ತು ವರ್ಷ ಬಾಳಿದ ನನಗೆ ನಾನು ಯಾವ ಭಾಷೆಯಲ್ಲಿ ನಿಂತಿದ್ದೇನೆ ಎಂಬುದೇ ತಿಳಿಯಲಿಲ್ಲ.

“ಹಾಳೆ?” ಎಂದರು ಮೇಡಂ.

“ನಾಳಿ ಮುಂಜಾನಿ ಬರದ ಇಬ್ಬರ ಸಹಿ ತಗೋತೀನ್ರಿ. ಹೊತ್ತು ಮುಳಗಾಕತ್ತೈತಿ.”

“ಹೊರಡಿ ಹೊರಡಿ. ಕಾಕಿ ತಟ್ಟೆ ಇಟ್ಕೊಂಡು ಕಾಯ್ತಿರ್ತಾರೆ. ಉಪವಾಸ ಮಲಗಿಸಿದ ಪಾಪ ನಂಗೆ ಬೇಡ.”

ನನ್ನ ಮೇಲಿನ ಅಂತಃಕರಣದಿಂದಲೇ ಅವರು ನಿಯಮವನ್ನು ಒಂದು ರಾತ್ರಿಯ ಮಟ್ಟಿಗೆ ಸಡಿಲ ಬಿಟ್ಟರು.

ಮರುದಿನ ಮುಂಜಾನೆ ನಾನು ಬಸ್ಸಿಳಿದು ದಂಡೆಗೆ ಬರುವಷ್ಟರಲ್ಲಿ ಕೊರೆಯುವ ಯಂತ್ರ ಶುರುವಾಗಿತ್ತು. ಯಂತ್ರ ಬೇರೆ ಸೈಟಿಗೆ ಹೋಗಬೇಕಿತ್ತು, ಪ್ರಾಜೆಕ್ಟಿನ ದೊಡ್ಡ ಸಾಹೇಬರು ಅವಸರ ಮಾಡಿದ್ದರು, ಮೇಡಂ ಫೋನಿನಲ್ಲೇ ಸರಿ ಎಂದಿದ್ದರು. ಯಂತ್ರ ಹಿಡಿದವನು ಮುಗಳಖೋಡದವನು, ಮಾತಿನ ಮಲ್ಲ. ಮೊದಲ ಕೆಲವು ತೂತು ಸುಮ್ಮನೆ ಇಳಿದವು. ಮುಂದಿನದು ಕಾಂಕ್ರೀಟಿನ ತಳ ಮುಟ್ಟುವ ಹೊತ್ತಿಗೆ ನೀಲಿಯಾಗಿ ಒಂದು ಬೆಳಕು ಹಾರಿತು. ಅವನು ಹಿಂದಕ್ಕೆ ಹೋಗಿ ಬಿದ್ದ. ಬೋರ್ಡಿನ ಬ್ರೇಕರು ತಕ್ಷಣ ಬಿದ್ದದ್ದರಿಂದ ಜೀವ ಉಳಿಯಿತು. ಬಲಗೈ ಮೊಣಕೈವರೆಗೆ ಸುಟ್ಟಿತು.

ಆ ಪೈಪುಗಳಲ್ಲಿ ಒಂದರಲ್ಲಿ ಬಾವಿಯೊಳಗೆ ಒಸರುವ ನೀರನ್ನು ಹೊರಗೆ ಹಾಕುವ ಮೋಟಾರಿನ ಕರೆಂಟು ಹರಿಯುತ್ತಿತ್ತು. ನದಿ ಆಗ ದಂಡೆ ತುಂಬಿತ್ತು. ಮೋಟಾರು ನಿಂತಿತು. ಬೇರೆ ಕೇಬಲ್ಲು ಎಳೆಯುವಷ್ಟರಲ್ಲಿ ಬಾವಿಯೊಳಗೆ ಕೆಂಪು ನೀರು ಏರಿ, ಇಳಿಸಿಟ್ಟಿದ್ದ ಹೊಸ ಪಂಪಿನ ಭಾಗಗಳೆಲ್ಲ ರಾಡಿಯಲ್ಲಿ ಮುಳುಗಿದವು. ಮೇಡಂ ಬಾವಿಯ ಬಾಯಿಯಲ್ಲಿ ನಿಂತು ನೀರು ಏರುವುದನ್ನು ನೋಡುತ್ತಿದ್ದರು. “ಖಾಲಿ ಪೈಪಲ್ಲಿ ಕರೆಂಟ್ ಹೇಗೆ ಬಂತು?” ಎಂದು ಯಾರಿಗೂ ಅಲ್ಲದಂತೆ ಅಂದರು. ಆಗಲೂ ನನಗೆ ಹೊಳೆಯಲಿಲ್ಲ. ವಿದ್ಯುತ್ತಿನವರು ಏನೋ ತಪ್ಪು ಮಾಡಿದ್ದಾರೆ ಎಂದೇ ತಿಳಿದೆ.

ಹೊಳೆದದ್ದು ಆ ಸಂಜೆ ಮನೆಯಲ್ಲಿ. ಹೆಂಡತಿ ಒಲೆಯ ಮುಂದೆ ಇದ್ದಳು. ಮೇಲಿನ ಹಲಗೆಯಿಂದ ಅಕ್ಕಿಯ ಡಬ್ಬಿ ತೆಗೆದುಕೊಡಲು ಹೇಳಿದಳು. ತೆಗೆದು ಕೈಯಲ್ಲಿ ಹಿಡಿದು ನಿಂತೆ.

“ಖಾಲಿ ಇಡ್ರಿ,” ಎಂದಳು.

“ಖಾಲಿ ಎಲ್ಲೈತಿ? ಪೂರಾ ತುಂಬೈತಲ್ಲ.”

ಅವಳು ನಕ್ಕಳು. “ಖಾಲಿ ಅಂದ್ರ ಕೆಳಗ ಇಡ್ರಿ ಅಂದ್ನಿ. ಎಲ್ಲೈತಿ ನಿಮ್ಮ ಖಬರ ಇವತ್ತ?”

ಡಬ್ಬಿಯನ್ನು ಕೆಳಗಿಟ್ಟೆ. ಹಾಗೇ ಅದರ ಪಕ್ಕದಲ್ಲಿ ಕುಳಿತುಬಿಟ್ಟೆ. ಊಟ ಸೇರಲಿಲ್ಲ. ಹೆಂಡತಿ ಬಿಸಿಲು ಹತ್ತಿರಬೇಕು ಎಂದಳು, ಮಳೆಗಾಲದಲ್ಲಿ. ನಾನು ಅವಳಿಗೂ ಹೇಳಲಿಲ್ಲ.

ಮುಂದಿನ ಸಭೆಗೆ ಬೆಂಗಳೂರಿನ ಹೆಡ್ಡಾಫೀಸಿನಿಂದ ಒಬ್ಬರು ಬಂದಿದ್ದರು. ತಪ್ಪು ಯಾವ ವಿಭಾಗದ್ದು ಎಂದು ನಿಶ್ಚಯಿಸುವುದು ಅವರ ಕೆಲಸ. ದೊಡ್ಡ ಸಾಹೇಬರು ಮೊದಲು ವಿದ್ಯುತ್ತಿನವರನ್ನು ಕೇಳಿದರು. ಅವರು ಹಿಂದಿಯಲ್ಲಿ, ಪೈಪುಗಳು ಕೆಳಗಿವೆ ಎಂದು ನಾನು ಹಿಂದಿನ ಸಂಜೆಯೇ ಕಾಕಾಗೆ ತಿಳಿಸಿದ್ದೇನೆ ಎಂದರು. ಆಮೇಲೆ ಮೇಡಂ ಎದ್ದರು.

“ಪೈಪಲ್ಲಿ ಏನೂ ಇಲ್ಲ ಅಂತ ನನಗೆ ಬಂದ ಮಾಹಿತಿ, ಸರ್. ಕಾಕಾ ಹಾಗೆ ಹೇಳಿದ ನೆನಪು.”

ಅವರಿಗೆ ಅರ್ಥ ನೆನಪಿತ್ತು, ಮಾತು ನೆನಪಿರಲಿಲ್ಲ. ಖಾಲಿ ಎಂಬ ಮಾತನ್ನು ಅಂದು ಆ ಶೆಡ್ಡಿನಲ್ಲಿ ಯಾರಾದರೂ ಒಮ್ಮೆ ಅಂದಿದ್ದರೆ ಸಾಕಿತ್ತು, ಗಂಟು ಅಲ್ಲೇ ಬಿಚ್ಚುತ್ತಿತ್ತು. ಅದನ್ನು ಬಲ್ಲವನು ನಾನೊಬ್ಬನೇ.

ಸಾಹೇಬರು ನನ್ನ ಕಡೆ ತಿರುಗಿದರು. “ಪೈಪಿನ್ಯಾಗ ಏನೂ ಇಲ್ಲಂತ ಹೇಳಿದ್ರೇನ್ರಿ ನೀವು?”

“ಏನೂ ಇಲ್ಲಂತ ನಾ ಅಂದಿಲ್ರಿ, ಸಾಹೇಬ್ರ. ಅವ್ರು ಅಂದದ್ದನ್ನ ಅಂದಂಗ ಹೇಳೀನ್ರಿ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಜೀವಮಾನದಲ್ಲಿ ನಾನು ಆಡಿದ ಅತಿ ದೊಡ್ಡ ಸುಳ್ಳು ಅದು.

ಮೇಡಂ ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವವರು ನೋಡುತ್ತಾರಲ್ಲ, ಹಾಗೆ. ಆಮೇಲೆ ಮೆಲ್ಲಗೆ ಹೇಳಿದರು, “ಹಾಗಾದ್ರೆ ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು ಸರ್. ಬರೆದು ಸಹಿ ಆಗೋವರೆಗೂ ಕಾಯ್ಬೇಕಿತ್ತು.” ಆ ಹಾಳೆಯನ್ನು ಬರೆಯದೆ ಊಟಕ್ಕೆ ಓಡಿದವನು ನಾನು ಎಂಬುದನ್ನು ಅವರು ಹೇಳಲಿಲ್ಲ.

ಹೆಡ್ಡಾಫೀಸಿನವರು ಹೋಗುವಾಗ ಸಾಹೇಬರಿಗೆ ಹೇಳಿದ್ದು ಎಲ್ಲರಿಗೂ ಗೊತ್ತಾಯಿತು. ಮೇಡಂರನ್ನು ಈ ಕೆಲಸದಿಂದ ಬಿಡಿಸುತ್ತಾರೆ. ಇನ್ನು ಅವರ ಸಹಿಯ ಮೇಲೆ ನಕ್ಷೆ ಹೊರಡುವುದಿಲ್ಲ, ಇನ್ನೊಬ್ಬರ ಕೈಕೆಳಗೆ ಲೆಕ್ಕ ಮಾಡಿಕೊಂಡು ಇರಬೇಕು. ಆದೇಶ ಬರುವುದೊಂದು ಬಾಕಿ.

ನನಗೇನು ಭಯವಿತ್ತು ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪಗಾರದ ಆಸೆ ಇರಲಿಲ್ಲ, ಪಿಂಚಣಿ ಬರುತ್ತಿತ್ತು. ಹೊಲ ನೋಡಿಕೊಳ್ಳುವವರಿದ್ದರು. ಎರಡೂ ಭಾಷೆ ಬಲ್ಲ ಮನುಷ್ಯ ಎಂದು ನಾಲ್ಕು ಜನ ಕರೆದು ಕುರ್ಚಿ ಕೊಡುತ್ತಿದ್ದರು. ಆ ಕುರ್ಚಿ ಹೋಗುತ್ತದಲ್ಲ ಎಂಬುದು ಭಯ. ಅಷ್ಟು ಸಣ್ಣ ವಸ್ತುವಿಗಾಗಿ ಒಬ್ಬ ಹೆಣ್ಣುಮಗಳ ಹೆಸರನ್ನು ಅಡ ಇಟ್ಟೆ.

ಅಷ್ಟರಲ್ಲಿ ನಮ್ಮ ದಶಲಕ್ಷಣ ಪರ್ವ ಬಂತು. ದಿನವೂ ಬಸದಿಗೆ ಹೋದೆ, ಒಪ್ಪೊತ್ತು ಮಾಡಿದೆ. ಪರ್ವ ಮುಗಿದ ಮೇಲೆ ಕ್ಷಮಾವಣಿ. ಆ ದಿನ ನಮ್ಮವರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ಎದುರಿನವರೂ ಅದನ್ನೇ ಹೇಳುತ್ತಾರೆ. ಈಗೀಗ ಫೋನಿನಲ್ಲಿ ಹೂವಿನ ಚಿತ್ರದ ಜೊತೆ ಒಂದೇ ಸಲಕ್ಕೆ ನೂರಾರು ಜನರಿಗೆ ಕಳಿಸುತ್ತಾರೆ, ನಾನೂ ಕಳಿಸಿದ್ದೆ. ಹೆಂಡತಿ, “ಮ್ಯಾಲಿನ ಮನಿ ಮೇಡಂ ಒಬ್ಬಾಕಿನ ಇರತಾಳ, ಬರ್ರಿ ಹೋಗಿ ಬರೂಣು,” ಎಂದಳು. ಹೋಗಲೇಬೇಕಾಯಿತು.

ಕೋಣೆಯಲ್ಲಿ ಪುಸ್ತಕಗಳನ್ನು ಆಗಲೇ ರಟ್ಟಿನ ಡಬ್ಬಕ್ಕೆ ತುಂಬಿದ್ದರು. ಹೆಂಡತಿ ಪ್ರಸಾದ ಕೊಟ್ಟಳು. ನಾನು ಕೈ ಮುಗಿದು ವಾಡಿಕೆಯ ಮಾತು ಹೇಳಿದೆ. “ಉತ್ತಮ ಕ್ಷಮಾ, ಮೇಡಂ. ತಿಳಿದೋ ತಿಳೀದನೋ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.”

ಅದು ವಾಡಿಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಮಾತನ್ನು ಮಾತೆಂದೇ ತೆಗೆದುಕೊಂಡರು.

“ಅಯ್ಯೋ, ನಿಮ್ಮಿಂದ ಏನು ತಪ್ಪು ಕಾಕಾ? ಕ್ಷಮೆ ನಾನು ಕೇಳ್ಬೇಕು. ಅವತ್ತು ಅಷ್ಟು ಜನರ ಮುಂದೆ ನಿಮ್ಮ ಮೇಲೆ ಹೊರಿಸೋ ಹಾಗೆ ಮಾತಾಡ್ಬಿಟ್ಟೆ. ನನ್ನ ಕಿವಿ ಮೇಲೆ ನಂಗೇ ನಂಬಿಕೆ ಹೋಗಿದೆ.” ಹೀಗೆಂದು ಬಗ್ಗಿ ನನ್ನ ಕಾಲು ಮುಟ್ಟಿದರು.

ನಾನು ಮೆಟ್ಟಿಲು ಇಳಿದೆ. ಕೆಳಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹೆಂಡತಿ ಹೇಳಿದಳು, “ಪಾಪ, ಎಷ್ಟ ಸೊರಗ್ಯಾಳ ನೋಡ್ರಿ. ಕಿವಿ ಕೇಳಸೂದಿಲ್ಲಂತ ಡಾಕ್ಟರ್‌ಗೆ ತೋರಿಸಬೇಕಂತಾಳ. ಇಷ್ಟ ಸಣ್ಣ ವಯಸ್ಸಿಗೆ.”

ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಕೆಲಸ ಹೋಗುವುದು ಒಂದು. ಕೇಳಿಸಿಕೊಂಡದ್ದು ಸರಿಯೇ ಇದ್ದ ಕಿವಿಯನ್ನು ಅವರು ಇನ್ನು ಜೀವನಪೂರ್ತಿ ನಂಬದೆ ಹೋಗುವುದು ಇನ್ನೊಂದು. “ನೀ ಮನೀಗೆ ನಡಿ,” ಎಂದು ಹೆಂಡತಿಗೆ ಹೇಳಿ ಮತ್ತೆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು ಹೇಳಿದೆ. “ಮೇಡಂ, ನಿಮ್ಮ ಕಿವಿ ನೆಟ್ಟಗ ಅದಾವು. ಅವತ್ತ ಸಂಜೀಕ ನಾ ಖಾಲಿ ಅಂದ್ನಿ. ನೀವು ಖಾಲಿನ ಕೇಳಸ್ಕೊಂಡ್ರಿ. ಮರಾಠ್ಯಾಗ ಖಾಲೀ ಅಂದ್ರ ಕೆಳಗ. ಅವ್ರು ಕೆಳಗ ಅದಾವಂತ ಹೇಳಿದ್ರು. ನಾ ಆ ಮಾತನ್ನ ಹಂಗ ಎತ್ತಿ ತಂದ ನಿಮ್ಮ ಮುಂದ ಇಟ್ಟೆ, ತಿರುವಿ ಹೇಳಲಿಲ್ಲ.”

ಅವರು ಸ್ವಲ್ಪ ಹೊತ್ತು ಬಾಯಲ್ಲೇ ಅಂದುಕೊಂಡರು, “ಖಾಲಿ. ಖಾಲೀ.” ಆಮೇಲೆ ನಕ್ಕರು. ಎದೆಯ ಮೇಲಿನ ಕಲ್ಲು ಇಳಿದವರ ನಗು. “ಇಷ್ಟೇನಾ ಕಾಕಾ? ಇದರಲ್ಲಿ ಯಾರ ತಪ್ಪೂ ಇಲ್ವಲ್ಲ. ಯಾರಿಗಾದ್ರೂ ಆಗೋದೇ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಹೊರಡಲು ತಿರುಗಿದ್ದೆ ಕೂಡ. ಹಿಂದಿನಿಂದ ಕೇಳಿದರು.

“ನಿಮಗೆ ಇದು ಯಾವಾಗ ಗೊತ್ತಾಯ್ತು?”

ಇವತ್ತು ಎನ್ನಬಹುದಿತ್ತು. ಈಗ ಮೆಟ್ಟಿಲಿನ ಮೇಲೆ ಹೊಳೆಯಿತು ಎನ್ನಬಹುದಿತ್ತು. ನಂಬುತ್ತಿದ್ದರು.

“ಕೈ ಸುಟ್ಟ ದಿನ ಸಂಜೀಕನ ಗೊತ್ತಾತ್ರಿ.”

“ಅಂದ್ರೆ ಸಭೆ ದಿನ ಗೊತ್ತಿತ್ತು.”

“ಗೊತ್ತಿತ್ತ್ರಿ.”

ಅವರ ಮುಖದ ನಗು ಒಮ್ಮೆಗೆ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ತಳ್ಳಿದರು.

ಮರುದಿನ ಮಂಗಳವಾರ. ಸಭೆ ಶುರುವಾಗುವ ಮೊದಲೇ ಎದ್ದು ನಿಂತು ಎಲ್ಲರ ಮುಂದೆ ಅದನ್ನೇ ಹೇಳಿದೆ, ಹಾಳೆ ಬರೆಯದೆ ಊಟಕ್ಕೆ ಹೋದದ್ದನ್ನೂ ಸೇರಿಸಿ. ಇಂಜಿನಿಯರರು ಹಣೆ ಬಡಿದುಕೊಂಡರು. “ಅರೇ ದೇವಾ. ಕಾಕಾ, ಖಾಲೀ ಮ್ಹಣಜೇ ಕೆಳಗ ನಾ, ಕೆಳಗ,” ಎಂದು ತಮಗೆ ಬರುವ ಒಂದೇ ಕನ್ನಡ ಶಬ್ದವೋ ಎಂಬಂತೆ ಮತ್ತೆ ಮತ್ತೆ ಅಂದರು. ಸಾಹೇಬರು ಮುಂದಿದ್ದ ನಕ್ಷೆಯನ್ನು ಮಡಚಿಟ್ಟರು.

“ಇಷ್ಟ ದಿನ ಯಾಕ ಸುಮ್ಮನಿದ್ರಿ?”

“ಅಂಜಿದ್ದೆರಿ.”

“ಈ ವಯಸ್ಸಿನ್ಯಾಗ ಯಾರಿಗೆ ಅಂಜತೀರಿ ನೀವು?” ಎಂದರು.

ಮೇಡಂ ಮೇಲಿನ ಆದೇಶ ಹೊರಡಲಿಲ್ಲ. ಆಮೇಲೆ ಸೈಟಿನಲ್ಲಿ ಹೊಸ ಪದ್ಧತಿ ಬಂತು. ಮೇಲೆ, ಕೆಳಗೆ, ಆಚೆ, ಈಚೆ ಎಂದು ಯಾರೂ ಬಾಯಲ್ಲಿ ಹೇಳಕೂಡದು. ಮುಗಿದ ನೆಲದಿಂದ ಎಷ್ಟು ಮಿಲಿಮೀಟರು ಎಂದು ಅಂಕಿಯಲ್ಲೇ ಬರೆಯಬೇಕು, ಸಂಬಂಧಪಟ್ಟ ಇಬ್ಬರೂ ಆ ಜಾಗಕ್ಕೆ ಹೋಗಿ ಬೆರಳಿಟ್ಟು ತೋರಿಸಬೇಕು. ನಡುವೆ ಮೂರನೆಯವರು ಬೇಡ. ಬೋಲ್ಟುಗಳನ್ನು ಅರ್ಧ ದಪ್ಪ ಕೊರೆದು ಅಂಟಿನಿಂದಲೇ ಕೂಡಿಸಿದರು. ಮೂರನೆಯವನು ಬೇಡವಾದ ಮೇಲೆ ನನ್ನ ಕೆಲಸವೂ ಮುಗಿಯಿತು. ಸಾಹೇಬರು ಅದನ್ನು ಗೌರವದಿಂದಲೇ ಹೇಳಿದರು.

ಬಿಡುವಾದ ಮೇಲೆ ಮೊದಲು ಹೋದದ್ದು ಮುಗಳಖೋಡಕ್ಕೆ. ಕೈಗೆ ಪಟ್ಟಿ ಸುತ್ತಿಕೊಂಡು ಅವನು ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲ ಹೇಳಿ ಕೈ ಮುಗಿದೆ.

“ಕಾಕಾ, ನೀವು ಖಾಲಿ ಅಂದಿದ್ದಕ್ಕ ನಾ ಭೂಮಿ ಖಾಲಿ ಮಾಡಿ ಹೋಗಾವ ಇದ್ದೆ ನೋಡ್ರಿ,” ಎಂದ. ಆಮೇಲೆ ಎಡಗೈಯಿಂದ ಚಹಾ ಎತ್ತಿ ಕೊಟ್ಟು, “ಇದು ಮಾತ್ರ ತುಂಬೈತಿ, ಕುಡೀರಿ,” ಎಂದ. ಅವನು ಯಂತ್ರ ಮುಟ್ಟುವ ಹಾಗಾಗುವವರೆಗೆ ಆಗಾಗ ಹೋಗಿ ಬರುತ್ತಿದ್ದೆ. ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಮೇಡಂ ನನ್ನೊಡನೆ ಮಾತಾಡಲಿಲ್ಲ. ಓಣಿಯಲ್ಲಿ ಎದುರಾದರೆ ತಲೆಬಾಗಿ ಹೋಗುತ್ತಿದ್ದರು. ಹೆಂಡತಿಗೆ ನಾನು ಎಲ್ಲ ಹೇಳಿದ್ದೆ. ಅವಳು ನನ್ನನ್ನು ಬಯ್ಯಲಿಲ್ಲ, ರೊಟ್ಟಿ ಕಳಿಸುವುದನ್ನೂ ಬಿಡಲಿಲ್ಲ. ಡಬ್ಬಿ ತೊಳೆದು ಸ್ವಚ್ಛವಾಗಿ ತಿರುಗಿ ಬರುತ್ತಿತ್ತು. ಒಳಗೆ ಏನೂ ಇರುತ್ತಿರಲಿಲ್ಲ. ಚಳಿಗಾಲ ಕಳೆಯಿತು. ನಾನು ದಿನವೂ ಮುಚ್ಚಳ ತೆಗೆದು ನೋಡುತ್ತಿದ್ದೆ. ಹೆಂಡತಿ ನೋಡಿಯೂ ನೋಡದಂತೆ ಇರುತ್ತಿದ್ದಳು. ಯುಗಾದಿಯ ಮುಂದೆ ಒಂದು ದಿನ ಡಬ್ಬಿಯ ತಳದಲ್ಲಿ ಒಂದು ತುಂಡು ಬೆಲ್ಲ ಇತ್ತು. ಅರ್ಧ ಅವಳು ತಿಂದಳು, ಅರ್ಧ ನಾನು.

ಬೇಸಗೆಯಲ್ಲಿ ಪಂಪುಗಳನ್ನು ಮೊದಲ ಸಲ ನಡೆಸಿ ನೋಡುವ ದಿನ ಸಾಹೇಬರು ಹಳಬರನ್ನೆಲ್ಲ ಕರೆದಿದ್ದರು. ನಾನೂ ಹೋದೆ. ಒಳಗೆ ಜನ ಕಿಕ್ಕಿರಿದಿದ್ದರು. ಬಾಗಿಲ ಬಳಿ, ಕ್ರೇನಿಗೆ ಹತ್ತುವ ಕಬ್ಬಿಣದ ಅಟ್ಟದ ಮೇಲೆ ಒಂದು ಮೂಲೆಯಲ್ಲಿ ನಿಂತೆ. ಕೆಳಗೆ ಪಂಪಿನ ಪಕ್ಕ ಮೇಡಂ ಮತ್ತು ಮಿರಜದ ಇಂಜಿನಿಯರರು ಮಾತಾಡುತ್ತಿದ್ದರು. ಅರ್ಧ ಹಿಂದಿ, ಅರ್ಧ ಕೈಸನ್ನೆ, ನಡುನಡುವೆ ಮೇಡಂ ಬಾಯಲ್ಲಿ ಮರಾಠಿ. ಗುಂಡಿ ಒತ್ತಿದರು. ಮೋಟಾರು ಗುಂಯ್ ಎಂದಿತು, ನೆಲ ಸಣ್ಣಗೆ ನಡುಗಿತು. ಬೋಲ್ಟುಗಳು ಹಿಡಿದು ನಿಂತವು. ಕೊಳವೆಯೊಳಗೆ ನೀರು ಏರುವ ಸದ್ದು ಕೇಳಿಸಿತು.

ಜನ ಚಪ್ಪಾಳೆ ತಟ್ಟುವಾಗ ಮೇಡಂ ತಲೆಯೆತ್ತಿ ನೋಡಿದರು. ನಾನು ಇನ್ನೂ ಮೂಲೆಗೆ ಸರಿದೆ. ಅವರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ಕಿನ ಕುರ್ಚಿ ಇತ್ತು. ಅದರ ಬೆನ್ನಿನ ಮೇಲೆ ಕೈಯಿಟ್ಟು, ಮೋಟಾರಿನ ಸದ್ದಿಗೆ ಮೀರುವಂತೆ ದನಿಯೆತ್ತಿ ಕರೆದರು, ನಮ್ಮ ಕಡೆಯ ಮಾತಿನಲ್ಲಿ.

“ಕಾಕಾ, ಖುರ್ಚಿ ಖಾಲಿ ಐತಿ, ಬರ್ರಿ.”

ತಿರುಗಿ ಕೇಳಿದೆ. ಇನ್ನು ಮೇಲೆ ಕೇಳದೆ ಬಿಡುವ ಧೈರ್ಯ ನನಗಿಲ್ಲ.

“ಯಾವ ಖಾಲಿರಿ ಮೇಡಂ?”

ಅವರು ಕುರ್ಚಿಯನ್ನು ನೋಡಿದರು, ಆಮೇಲೆ ಅಟ್ಟದ ಮೇಲಿದ್ದ ನನ್ನನ್ನು ನೋಡಿದರು.

“ಎರಡೂ,” ಎಂದರು.

ಕಬ್ಬಿಣದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.